ಮನೆಯ ಹೆಣ್ಣುಮಗಳಿಗೆ ಸ್ತನ ಕ್ಯಾನ್ಸರ್ ಬಂದಾಗ: ಉತ್ತರ ಕನ್ನಡದ ಕುಟುಂಬಗಳಿಗೊಂದು ಮಾರ್ಗದರ್ಶಿ

ಸ್ತನ ಕ್ಯಾನ್ಸರಿನ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ನಡೆಯುತ್ತದೆ. ಅನೇಕರಿಗೆ ಅದರ ಬಳಿಕವೂ ಐದರಿಂದ ಹತ್ತು ವರ್ಷ ಗುಳಿಗೆ ತಪ್ಪುವುದಿಲ್ಲ. ಕರಾವಳಿಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದವರಾಗಲಿ, ಈ ಚಿಕಿತ್ಸೆಯ ಬಹುಭಾಗಕ್ಕೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಥವಾ ಬೆಂಗಳೂರಿನ ದಾರಿ ಹಿಡಿಯಬೇಕಾಗುತ್ತದೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಇಲ್ಲಿಯ ಜನ ವರ್ಷಗಳಿಂದ ಕೇಳುತ್ತಿರುವುದಕ್ಕೆ ಇಂಥ ಓಡಾಟವೇ ಕಾರಣ. ಆದ್ದರಿಂದ ನಮ್ಮಲ್ಲಿ ಜೊತೆಗಿರುವವರ ಕೆಲಸವು ಧೈರ್ಯ ಹೇಳುವುದಕ್ಕಿಂತ ಮೊದಲು ಬಸ್ಸು, ಫೈಲು, ರಕ್ತಪರೀಕ್ಷೆ, ಅಡುಗೆಮನೆ ಮತ್ತು ಕೊಟ್ಟಿಗೆಗಳಿಂದ ಆರಂಭವಾಗುತ್ತದೆ.

ಈ ಎಲ್ಲ ಕೆಲಸವನ್ನು ಮನೆಯವರು ಹೊರಬಹುದು, ಹೊರಲೇಬೇಕು. ಆದರೆ ಕೆಲಸ ಹೊತ್ತವರು ಮೆಲ್ಲಗೆ ನಿರ್ಧಾರಗಳನ್ನೂ ತಮ್ಮ ಕೈಗೆ ತೆಗೆದುಕೊಳ್ಳುವುದು ನಮ್ಮ ಮನೆಗಳಲ್ಲಿ ತೀರಾ ಸಾಮಾನ್ಯ. ಯಾವ ಆಸ್ಪತ್ರೆ, ಯಾವ ಶಸ್ತ್ರಚಿಕಿತ್ಸೆ, ಯಾರಿಗೆ ತಿಳಿಸಬೇಕು ಎಂಬುದೆಲ್ಲ ಜಗಲಿಯಲ್ಲಿ ಕುಳಿತ ಗಂಡಸರ ನಡುವೆ ತೀರ್ಮಾನವಾಗಿ, ಕಾಯಿಲೆಯಿರುವವರಿಗೆ ಹೊರಡುವ ದಿನಾಂಕ ಮಾತ್ರ ಗೊತ್ತಾಗುತ್ತದೆ. ಮುಂದಿನ ಹೆಜ್ಜೆಗಳನ್ನು ಓದುವಾಗ ಈ ಒಂದು ಎಚ್ಚರ ಇರಲಿ.

ಮೊದಲ ವಾರ: ಮುಚ್ಚಿಡಬೇಡಿ, ಗಡಿಬಿಡಿ ಮಾಡಬೇಡಿ

ಬಯಾಪ್ಸಿಯ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆಯ) ವರದಿ ಮನೆಯವರ ಕೈಗೆ ಬಂದಾಗ, "ಅಮ್ಮನಿಗೆ ಹೇಳುವುದು ಬೇಡ, ಗಡ್ಡೆ ಎಂದಷ್ಟೇ ಹೇಳೋಣ" ಎನ್ನುವ ಮಾತು ಮೊದಲು ಬರುತ್ತದೆ. ಪ್ರೀತಿಯಿಂದಲೇ ಬರುವ ಮಾತು ಅದು. ಆದರೆ ಕ್ಯಾನ್ಸರ್ ವಾರ್ಡಿನ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತ ಅಪರಿಚಿತರಿಂದ, ಇಲ್ಲವೇ ಗೋಡೆಯ ಫಲಕದಿಂದ ಅವರಿಗೆ ವಿಷಯ ತಿಳಿದೇ ತಿಳಿಯುತ್ತದೆ, ಮತ್ತು ಆಮೇಲೆ ಮನೆಯವರ ಯಾವ ಮಾತನ್ನೂ ಅವರು ಪೂರ್ತಿ ನಂಬುವುದಿಲ್ಲ. ವೈದ್ಯರ ಎದುರಿಗೆ, ಕಾಯಿಲೆಯಿರುವವರ ಜೊತೆಯಲ್ಲಿಯೇ, ವಿಷಯ ಕೇಳಿಸಿಕೊಳ್ಳುವುದು ಒಳ್ಳೆಯದು. "ನಿಮಗೆ ಎಲ್ಲವನ್ನೂ ತಿಳಿದುಕೊಳ್ಳಬೇಕೇ, ಅಥವಾ ಮುಖ್ಯವಾದದ್ದಷ್ಟೇ ಸಾಕೇ?" ಎಂದು ಅವರನ್ನೇ ಕೇಳಿ. ಕೆಲವರು ವಿವರ ಬೇಡವೆನ್ನುತ್ತಾರೆ. ಅದೂ ಅವರದೇ ನಿರ್ಧಾರವಾದ್ದರಿಂದ ಗೌರವಿಸಬೇಕು.

ಈ ವಾರ ಎರಡು ತಪ್ಪು ತಿಳಿವಳಿಕೆಗಳು ಎದುರಾಗುತ್ತವೆ. ಒಂದು, ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬುದು. ಇದು ನಿಜವಲ್ಲ, ಮತ್ತು ಬಯಾಪ್ಸಿಯಿಲ್ಲದೆ ಸರಿಯಾದ ಚಿಕಿತ್ಸೆಯನ್ನು ನಿರ್ಧರಿಸಲು ಸಾಧ್ಯವೇ ಇಲ್ಲ. ಎರಡು, ನಾಳೆಯೇ ಆಪರೇಶನ್ ಆಗದಿದ್ದರೆ ಕೈ ಮೀರುತ್ತದೆ ಎಂಬುದು. ಸರಿಯಾದ ಪರೀಕ್ಷೆಗಳಿಗಾಗಿ ಒಂದೆರಡು ವಾರ ಹೋದರೆ ನಷ್ಟವಿಲ್ಲ. ತಿಂಗಳುಗಳು ಹೋದರೆ ನಷ್ಟವಿದೆ. ಅಡಿಕೆ ಕೊಯ್ಲು ಮುಗಿಯಲಿ, ಮಗಳ ಮದುವೆ ಮುಗಿಯಲಿ ಎಂದು ಮುಂದೂಡುವವರು ಹೆಚ್ಚಾಗಿ ಕಾಯಿಲೆಯಿರುವ ಹೆಂಗಸರೇ ಆಗಿರುತ್ತಾರೆ. ಅಲ್ಲಿ ಮನೆಯವರು ಒತ್ತಾಯ ಮಾಡುವುದರಲ್ಲಿ ತಪ್ಪಿಲ್ಲ.

ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಬಯಾಪ್ಸಿಯ ವರದಿಯಲ್ಲಿ ಇಆರ್, ಪಿಆರ್ (ಗಡ್ಡೆ ಹೆಣ್ಣು ಹಾರ್ಮೋನುಗಳಿಗೆ ಸ್ಪಂದಿಸುತ್ತದೆಯೇ ಎಂದು ಹೇಳುವ ಗುರುತುಗಳು) ಮತ್ತು ಹರ್-2 (ಗಡ್ಡೆಯನ್ನು ಬೆಳೆಸುವ ಒಂದು ಪ್ರೋಟೀನ್) ಎಂಬ ಮೂರು ಫಲಿತಾಂಶಗಳು ಇವೆಯೇ ಎಂದು ನೋಡಿ. ಮೊದಲ ಎರಡರಲ್ಲಿ ಒಂದಾದರೂ ಪಾಸಿಟಿವ್ ಇದ್ದರೆ ಹಾರ್ಮೋನಿಗೆ ಸಂಬಂಧಿಸಿದ ಗುಳಿಗೆಗಳು ಕೆಲಸ ಮಾಡುತ್ತವೆ, ಹರ್-2 ಪಾಸಿಟಿವ್ ಇದ್ದರೆ ಟ್ರಾಸ್ಟುಜುಮಾಬ್ ಎಂಬ ಔಷಧವನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ, ಮೂರೂ ನೆಗೆಟಿವ್ ಆಗಿದ್ದರೆ ಕಿಮೋ (ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧಗಳ) ಚಿಕಿತ್ಸೆಯೇ ಮುಖ್ಯವಾಗುತ್ತದೆ. ಕೆಲವರಿಗೆ ಕಿಮೋ ಮೊದಲು, ಆಪರೇಶನ್ ಆಮೇಲೆ. ಈ ಮೂರು ಶಬ್ದಗಳ ಅರ್ಥವನ್ನು ಮನೆಯಲ್ಲಿ ಒಬ್ಬರಾದರೂ ತಿಳಿದಿದ್ದರೆ ವೈದ್ಯರೊಡನೆ ಮಾತು ಬಹಳ ಸುಲಭವಾಗುತ್ತದೆ. ಸ್ತನವನ್ನು ಪೂರ್ತಿ ತೆಗೆಯುವುದೋ, ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಶನ್ (ವಿಕಿರಣ ಚಿಕಿತ್ಸೆ) ಕೊಡುವುದೋ ಎಂಬ ಆಯ್ಕೆ ಇದ್ದಾಗ, "ಈ ವಯಸ್ಸಿನಲ್ಲಿ ಇನ್ನೇನು, ತೆಗೆಸಿಬಿಡಿ" ಎಂದು ಹೇಳುವ ಅಧಿಕಾರ ಬೇರೆ ಯಾರಿಗೂ ಇಲ್ಲ. ಎರಡರಲ್ಲಿ ಯಾವುದಾದರೂ ಸಾಧ್ಯವಿರುವವರಲ್ಲಿ ಈ ಎರಡೂ ವಿಧಾನಗಳಿಂದ ಬದುಕುಳಿಯುವ ಸಾಧ್ಯತೆ ಸಮಾನವೆಂದು ದಶಕಗಳ ಅಧ್ಯಯನಗಳು ತೋರಿಸಿವೆ. ಆದರೆ ಗಡ್ಡೆಯನ್ನಷ್ಟೇ ತೆಗೆಸಿದವರಿಗೆ ರೇಡಿಯೇಶನ್ ಸಾಮಾನ್ಯವಾಗಿ ತಪ್ಪುವುದಿಲ್ಲ, ಎಂದರೆ ಕೆಲವು ವಾರ ದೂರದ ಊರಿನಲ್ಲಿ ಉಳಿಯಬೇಕು. ಆ ಲೆಕ್ಕವನ್ನೂ ಅವರ ಮುಂದಿಟ್ಟು ಆಯ್ಕೆಯನ್ನು ಅವರಿಗೇ ಬಿಡಿ.

ಫೈಲು ಒಬ್ಬರ ಕೈಯಲ್ಲಿರಲಿ, ವಿಷಯ ಅವರಿಗೂ ಗೊತ್ತಿರಲಿ

ಒಂದು ಗಟ್ಟಿಯಾದ ಪ್ಲಾಸ್ಟಿಕ್ ಫೈಲನ್ನು ಕೊಳ್ಳಿ. ನಮ್ಮ ಮಳೆಗಾಲಕ್ಕೆ ಕಾಗದದ ಫೈಲು ತಡೆಯುವುದಿಲ್ಲ. ಬಯಾಪ್ಸಿ, ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ), ಸ್ಕ್ಯಾನ್, ಎಕೋ (ಹೃದಯದ ಸ್ಕ್ಯಾನ್), ರಕ್ತಪರೀಕ್ಷೆಗಳನ್ನು ದಿನಾಂಕದ ಕ್ರಮದಲ್ಲಿ ಇಟ್ಟು, ಪ್ರತಿಯೊಂದನ್ನೂ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯಬಹುದು. ಆಸ್ಪತ್ರೆ ಬದಲಿಸಿದರೆ ಅಲ್ಲಿ ಇವನ್ನೇ ಮೊದಲು ಕೇಳುತ್ತಾರೆ. ಫೈಲಿನ ಮೊದಲ ಪುಟದಲ್ಲಿ ಔಷಧಗಳ ಹೆಸರು, ಅಲರ್ಜಿ, ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದರೆ ಅದರ ವಿವರ ಮತ್ತು ಆಸ್ಪತ್ರೆಯ ತುರ್ತು ದೂರವಾಣಿ ಸಂಖ್ಯೆ ಇರಬೇಕು.

ವೈದ್ಯರನ್ನು ಭೇಟಿಯಾಗುವ ಹಿಂದಿನ ರಾತ್ರಿ ಕುಳಿತು ಪ್ರಶ್ನೆಗಳನ್ನು ಬರೆದುಕೊಳ್ಳಿ, ಕಾಯಿಲೆಯಿರುವವರ ಪ್ರಶ್ನೆಗಳೇ ಮೊದಲು ಬರಲಿ. ಕಾರವಾರ ಕಡೆಯ ಹಿರಿಯ ಹೆಂಗಸರಲ್ಲಿ ಅನೇಕರಿಗೆ ಕೊಂಕಣಿಯಲ್ಲೇ ನೋವು ಹೇಳಿಕೊಳ್ಳಲು ಬರುತ್ತದೆ, ಹಳ್ಳಿಯ ಹಾಲಕ್ಕಿ ಅಜ್ಜಿಯ ಕನ್ನಡ ನಗರದ ವೈದ್ಯರಿಗೆ ಒಮ್ಮೆಲೇ ತಿಳಿಯದಿರಬಹುದು. ಜೊತೆಗೆ ಹೋಗುವವರು ಅವರ ಮಾತನ್ನು ದಾಟಿಸಬೇಕು, ಅವರ ಬದಲಿಗೆ ತಾವೇ ಮಾತಾಡಬಾರದು. ಎದೆಯ ಕಾಯಿಲೆಯಾದ್ದರಿಂದ ಮಗನ ಮುಂದೆ ಹೇಳಲು ಸಂಕೋಚವಿದ್ದರೆ ಮಗಳೋ, ಸೊಸೆಯೋ, ತಂಗಿಯೋ ಒಳಗೆ ಹೋಗಲಿ.

ಯಾವ ಊರು, ಯಾವ ದಾರಿ

ದೊಡ್ಡ ಹೆಸರಿಗಿಂತ ಹೋಗಿ ಬರುವ ಅನುಕೂಲ ಈ ಚಿಕಿತ್ಸೆಯಲ್ಲಿ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಕಿಮೋ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಕೆಲವು ಔಷಧಗಳು ವಾರಕ್ಕೊಮ್ಮೆ ಇರುತ್ತವೆ. ರೇಡಿಯೇಶನ್ ವಾರದಲ್ಲಿ ಐದು ದಿನ. ಮುಂಬಯಿಯ ಟಾಟಾ ಆಸ್ಪತ್ರೆಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಒಮ್ಮೆ ಎರಡನೆಯ ಅಭಿಪ್ರಾಯ ಪಡೆದು, ಚಿಕಿತ್ಸೆಯನ್ನು ಹತ್ತಿರದ ಊರಿನಲ್ಲಿ ಮಾಡಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಶಿರಸಿ, ಮುಂಡಗೋಡದವರಿಗೆ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರಿನ ಒಳಹೊರಗೆ. ಅಲ್ಲಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ಹೊನ್ನಾವರ, ಭಟ್ಕಳದವರಿಗೆ ಮಣಿಪಾಲ ಸಮೀಪ. ಕಾರವಾರದವರಿಗೆ ಗೋವಾದ ಬಾಂಬೋಳಿ ಹತ್ತಿರವಾದರೂ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ 2018ರಿಂದ ಹೊರರಾಜ್ಯದವರಿಗೆ ಶುಲ್ಕವಿದೆ, ನಮ್ಮ ರಾಜ್ಯದ ಆರೋಗ್ಯ ಯೋಜನೆಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ರಾಜ್ಯ ಸರ್ಕಾರ 2025ರಲ್ಲಿ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಕಿಮೋ ಕೇಂದ್ರಗಳನ್ನು ಆರಂಭಿಸಿದೆ. ಆದ್ದರಿಂದ ಮುಂದಿನ ಸುತ್ತುಗಳನ್ನು ಮನೆಗೆ ಹತ್ತಿರವಾದ ಕಡೆ ಪಡೆಯಲು ಸಾಧ್ಯವೇ ಎಂದು ಚಿಕಿತ್ಸೆ ನೀಡುವ ವೈದ್ಯರನ್ನು ಕೇಳಿ.

ಮಳೆಗಾಲದ ಲೆಕ್ಕ ಬೇರೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿತು. ಅದೇ ವರ್ಷದ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ದೇವಿಮನೆ ಘಟ್ಟದ ರಸ್ತೆ ಯಾವಾಗ ತೆರೆದಿರುತ್ತದೆ ಎಂಬುದು ಶಿರಸಿ, ಕುಮಟಾದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಮೋದ ಹಿಂದಿನ ದಿನವೇ ಹೊರಟು ಆಸ್ಪತ್ರೆಯ ಊರಿನಲ್ಲಿ ಉಳಿಯುವುದು, ರಸ್ತೆಯ ಬದಲು ಕೊಂಕಣ ರೈಲನ್ನು ಹಿಡಿಯುವುದು, ಒಂದು ಬದಲಿ ದಾರಿಯನ್ನು ಯೋಚಿಸಿಟ್ಟಿರುವುದು ಜಾಣತನ. ಮಣಿಪಾಲಕ್ಕೆ ಉಡುಪಿ ನಿಲ್ದಾಣದಲ್ಲಿ ಇಳಿದರಾಯಿತು.

ವ್ಯರ್ಥ ಪ್ರಯಾಣವನ್ನು ತಪ್ಪಿಸುವ ಒಂದು ಉಪಾಯವನ್ನು ತಪ್ಪದೆ ಬಳಸಿಕೊಳ್ಳಿ. ಪ್ರತಿ ಕಿಮೋದ ಮೊದಲು ರಕ್ತದ ಕಣಗಳ ಎಣಿಕೆ ನೋಡುತ್ತಾರೆ, ಎಣಿಕೆ ಕಡಿಮೆಯಿದ್ದರೆ ಚಿಕಿತ್ಸೆಯನ್ನು ಮುಂದೂಡಿ ಮನೆಗೆ ಕಳುಹಿಸುತ್ತಾರೆ. ಆ ಪರೀಕ್ಷೆಯನ್ನು ಒಂದೆರಡು ದಿನ ಮೊದಲೇ ನಿಮ್ಮ ಊರಿನ ಪ್ರಯೋಗಾಲಯದಲ್ಲಿ ಮಾಡಿಸಿ, ವರದಿಯನ್ನು ವಾಟ್ಸಾಪಿನಲ್ಲಿ ಕಳುಹಿಸಿ, ಬರಬೇಕೇ ಬೇಡವೇ ಎಂದು ಕೇಳಲು ಆಸ್ಪತ್ರೆಯವರ ಅನುಮತಿ ಪಡೆದುಕೊಳ್ಳಿ. ಹಾಗೆಯೇ ಕಿಮೋ ಆದ ಮರುದಿನ ಬಿಳಿ ರಕ್ತಕಣ ಹೆಚ್ಚಿಸುವ ಚುಚ್ಚುಮದ್ದು ಇದ್ದರೆ ಅದನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಕೊಡಿಸಬಹುದು. ಆದರೆ ಆ ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಐಸ್ ಪ್ಯಾಕಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಥರ್ಮೋಕೋಲ್ ಡಬ್ಬಿಯಲ್ಲಿ ತನ್ನಿ. ಕರಾವಳಿಯಲ್ಲಿ ಥರ್ಮೋಕೋಲ್ ಡಬ್ಬಿಗೆ ಬರವಿಲ್ಲ. ಮೀನಿನದ್ದು ಮಾತ್ರ ಬೇಡ.

ಘಟ್ಟದ ತಿರುವುಗಳಲ್ಲಿ ಆರೋಗ್ಯವಂತರಿಗೇ ವಾಂತಿ ಬರುತ್ತದೆ. ಕಿಮೋ ಮುಗಿಸಿ ಬರುವಾಗ ವಾಂತಿ ತಡೆಯುವ ಗುಳಿಗೆಯನ್ನು ಯಾವ ಹೊತ್ತಿಗೆ ಕೊಡಬೇಕೆಂದು ವೈದ್ಯರನ್ನು ಕೇಳಿ, ಘಟ್ಟ ಹತ್ತುವ ಮೊದಲೇ ಕೊಡಿ. ಮುಂದಿನ ಸೀಟು, ತೆರೆಯುವ ಕಿಟಕಿ, ಎರಡು ಪ್ಲಾಸ್ಟಿಕ್ ಚೀಲ, ಒಂದು ಒದ್ದೆ ಟವೆಲ್ ಸಿದ್ಧವಿರಲಿ.

ಹಣದ ವಿಷಯ

ಮೊದಲ ಬಿಲ್ಲಿನ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಸರ್ಕಾರಿ ಆರೋಗ್ಯ ಯೋಜನೆಗೆ ನೆರವಾಗುವ ಸಿಬ್ಬಂದಿಯನ್ನು) ಭೇಟಿಯಾಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಪಡಿತರ ಚೀಟಿ ಮತ್ತು ಆಧಾರ್‌ನಲ್ಲಿ ಹೆಸರು ಒಂದೇ ರೀತಿ ಇರಬೇಕು. ತವರಿನ ಹೆಸರು ಒಂದರಲ್ಲಿ, ಗಂಡನ ಮನೆಯ ಹೆಸರು ಇನ್ನೊಂದರಲ್ಲಿ ಇದ್ದು ಕೆಲಸ ನಿಲ್ಲುವುದುಂಟು, ಆದ್ದರಿಂದ ಮೊದಲ ವಾರವೇ ನೋಡಿ ತಿದ್ದಿಸಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಬಹುದು. ಕಾರವಾರದ ಕ್ರಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಅಥವಾ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಸಹಕಾರಿ ಸಂಘದ ಸದಸ್ಯರಾಗಿದ್ದು ಯಶಸ್ವಿನಿ ಕಾರ್ಡು ಇದ್ದರೆ ಯಾವ ಚಿಕಿತ್ಸೆಗಳು ಅದರಡಿ ಬರುತ್ತವೆ ಎಂದು ಕೇಳಿ ತಿಳಿದುಕೊಳ್ಳಿ.

ಪ್ರಯಾಣದ ವೆಚ್ಚವೂ ಸಣ್ಣದಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಹೀಗಾಗಿ ಜೊತೆಗೆ ಹೋಗುವವರೂ ಹೆಂಗಸಾದರೆ ಬಸ್ಸಿನ ಖರ್ಚೇ ಉಳಿಯುತ್ತದೆ. ರೈಲಿನಲ್ಲಿ ಚಿಕಿತ್ಸೆಗಾಗಿ ಹೋಗುವ ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರ್ ಮತ್ತು ತ್ರೀ ಟಿಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇಕಡಾ 75ರಷ್ಟು ರಿಯಾಯಿತಿ ಇದೆ. ಆಸ್ಪತ್ರೆಯ ವೈದ್ಯರು ಸಹಿ ಮಾಡಿದ ನಮೂನೆಯನ್ನು ಟಿಕೆಟ್ ಕೌಂಟರಿನಲ್ಲಿ ಕೊಡಬೇಕು. ವರ್ಷಗಟ್ಟಲೆ ನುಂಗಬೇಕಾದ ಗುಳಿಗೆಗಳನ್ನು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಬೆಲೆ ಇಳಿಯುವ ಸಾಧ್ಯತೆಯಿದೆ.

ಆಪರೇಶನ್ ಆಗಿ ಮನೆಗೆ ಬಂದಾಗ

ಗಾಯದ ಪಕ್ಕದಲ್ಲಿ ನಳಿಕೆ ಮತ್ತು ಡಬ್ಬಿ ಇರಬಹುದು. ಪ್ರತಿದಿನ ಒಂದೇ ಹೊತ್ತಿಗೆ ಅದರಲ್ಲಿ ಸಂಗ್ರಹವಾದ ನೀರನ್ನು ಅಳೆದು ಬರೆದಿಡಿ. ದಿನಕ್ಕೆ ಸುಮಾರು 20ರಿಂದ 30 ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ ಸಾಮಾನ್ಯವಾಗಿ ತೆಗೆಯುತ್ತಾರೆ. ಮುಂದೆ ಗುಂಡಿ ಇರುವ ಸಡಿಲ ನೈಟಿ ಅಥವಾ ಅಂಗಿಗಳನ್ನು ಮೊದಲೇ ಹೊಲಿಸಿಟ್ಟರೆ ಕೈ ಎತ್ತುವ ಕಷ್ಟ ತಪ್ಪುತ್ತದೆ.

ಕಂಕುಳಿನ ಗಂಟುಗಳನ್ನು ತೆಗೆದ ಕೈಗೆ ಮುಂದೆ ಬಾವು ಬರುವ ಸಾಧ್ಯತೆ ಇರುತ್ತದೆ. ಆ ಕೈಯನ್ನು ಅಲ್ಲಾಡಿಸದೆ ಜೋಪಾನ ಮಾಡುವುದು ತಪ್ಪು. ಆಸ್ಪತ್ರೆಯಲ್ಲಿ ಕಲಿಸಿದ ವ್ಯಾಯಾಮವನ್ನು, ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತ ಕೈ ಮೇಲೆತ್ತುವುದನ್ನು, ಪ್ರತಿದಿನ ಮಾಡಿಸಲೇಬೇಕು. ಜೊತೆಗೆ ಕುಳಿತು ನೀವೂ ಮಾಡಿದರೆ ಅವರು ಬಿಡುವುದಿಲ್ಲ. ಆದರೆ ಬಾವಿಯಿಂದ ನೀರು ಸೇದುವುದು, ಬೆಟ್ಟದಿಂದ ಸೊಪ್ಪಿನ ಹೊರೆ ತರುವುದು, ಹಾಲು ಕರೆಯುವುದು, ಒದ್ದೆ ಕಂಬಳಿ ಹಿಂಡುವುದು ಇವೆಲ್ಲ ವೈದ್ಯರು ಹೇಳುವವರೆಗೆ ಬೇರೆಯವರ ಪಾಲಿಗೆ ಬರಬೇಕು. ಮುಂದೆಯೂ ಈಳಿಗೆಯಲ್ಲಿ ಮೀನು ಕೊಯ್ಯುವಾಗ, ಅಡಿಕೆ ಸುಲಿಯುವಾಗ, ತೋಟದಲ್ಲಿ ಕೆಲಸ ಮಾಡುವಾಗ ಆ ಕೈಗೆ ಕೈಗವಸು ಇರಲಿ. ಸಣ್ಣ ಗಾಯವಾದರೂ ತೊಳೆದು ಔಷಧ ಹಚ್ಚಿ. ಕೈ ಕೆಂಪಾಗಿ ಬಿಸಿಯಾದರೆ ಕಾಯದೆ ವೈದ್ಯರಿಗೆ ತೋರಿಸಿ. ಬಿಪಿ ನೋಡಲು, ರಕ್ತ ತೆಗೆಯಲು ಇನ್ನೊಂದು ಕೈಯನ್ನೇ ಕೊಡುವುದು ರೂಢಿ.

ಕೆಲಸಗಳನ್ನು ಹಂಚುವಾಗ "ಏನಾದರೂ ಬೇಕಾದರೆ ಹೇಳಿ" ಎಂಬ ಮಾತಿನಿಂದ ಪ್ರಯೋಜನವಿಲ್ಲ. ಜನ್ಮವಿಡೀ ಇತರರಿಗೆ ಬಡಿಸಿದವರು ತಮಗೆ ಬೇಕಾದದ್ದನ್ನು ಕೇಳುವುದಿಲ್ಲ. "ಬೆಳಗಿನ ಕೊಟ್ಟಿಗೆ ಕೆಲಸ ನನ್ನದು", "ಬುಧವಾರ, ಶನಿವಾರದ ಅಡುಗೆ ನಮ್ಮ ಮನೆಯಿಂದ ಬರುತ್ತದೆ" ಎಂದು ನಿರ್ದಿಷ್ಟವಾಗಿ ಹೇಳಿ. ಗಂಡಸರು ಕನಿಷ್ಠ ಗಂಜಿ, ಅನ್ನ, ಒಂದು ಸಾರು ಮಾಡಲು ಕಲಿಯುವುದಕ್ಕೆ ಇದಕ್ಕಿಂತ ತಕ್ಕ ಸಮಯ ಬರಲಾರದು.

ಕಿಮೋದ ದಿನಗಳು

ಎಲ್ಲಕ್ಕಿಂತ ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ. ಕಿಮೋ ಆಗಿ ಒಂದರಿಂದ ಎರಡು ವಾರದ ನಡುವೆ ಬಿಳಿ ರಕ್ತಕಣಗಳು ತೀರ ಕಡಿಮೆಯಾಗಿರುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಇಲ್ಲವೇ ನಡುಕ ಬಂದರೆ, ಅದು ತುರ್ತು ಸ್ಥಿತಿ. ರಾತ್ರಿ ಎರಡು ಗಂಟೆಯಾದರೂ ಬೆಳಗಿನವರೆಗೆ ಕಾಯಬಾರದು. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಯಿತೆಂದು ಸಮಾಧಾನಪಟ್ಟುಕೊಳ್ಳಬಾರದು, ಏಕೆಂದರೆ ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಬೇಸಿಗೆಯ ಜ್ವರವೆಂದರೆ ಮಂಗನ ಕಾಯಿಲೆ, ಮಳೆಗಾಲದ ಜ್ವರವೆಂದರೆ ಇಲಿಜ್ವರ ಅಥವಾ ಡೆಂಗಿ ಎಂದು ಊಹಿಸುವ ರೂಢಿ ನಮ್ಮದು. ಕಿಮೋ ಪಡೆಯುತ್ತಿರುವವರ ವಿಷಯದಲ್ಲಿ ಊಹೆಗೆ ಅವಕಾಶವೇ ಬೇಡ.

ಮಣಿಪಾಲವೋ ಹುಬ್ಬಳ್ಳಿಯೋ ಮೂರು ಗಂಟೆಯ ದಾರಿಯಾದಾಗ ಜ್ವರ ಬಂದ ರಾತ್ರಿ ಮೊದಲು ಹೋಗಬೇಕಾದದ್ದು ಹತ್ತಿರದ ಆಸ್ಪತ್ರೆಗೆ. ಅದು ಯಾವುದೆಂದು ಮೊದಲ ಕಿಮೋದ ಮೊದಲೇ ತೀರ್ಮಾನಿಸಿ, ಅಲ್ಲಿಯ ವೈದ್ಯರಿಗೆ ವಿಷಯ ತಿಳಿಸಿಡಿ. ಕ್ಯಾನ್ಸರ್ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ: ಇವರು ಕಿಮೋ ಪಡೆಯುತ್ತಿದ್ದಾರೆ, ಜ್ವರ ಬಂದರೆ ತಕ್ಷಣ ರಕ್ತಪರೀಕ್ಷೆ ಮಾಡಿ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಆರಂಭಿಸಬೇಕು, ಈ ಸಂಖ್ಯೆಗೆ ಕರೆ ಮಾಡಬೇಕು. ಈ ಒಂದು ಹಾಳೆ ಫೈಲಿನ ಎಲ್ಲ ವರದಿಗಳಿಗಿಂತ ಬೆಲೆಬಾಳುತ್ತದೆ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮೊಬೈಲ್ ಸಿಗ್ನಲ್ ಸಿಗದ ಮಜರೆಗಳಲ್ಲಿ ಆ ಎರಡು ವಾರ ಮಾತ್ರ ಪೇಟೆಯ ನೆಂಟರ ಮನೆಯಲ್ಲಿರುವುದನ್ನೂ ಯೋಚಿಸಬಹುದು.

ಆಹಾರದ ವಿಷಯದಲ್ಲಿ ಅತಿ ದೊಡ್ಡ ಅಡ್ಡಿ ನಂಜು ಎಂಬ ನಂಬಿಕೆ. ಗಾಯವಾದವರಿಗೆ ಮೀನು ನಂಜು, ಬದನೆ ನಂಜು, ಮೊಟ್ಟೆ ಉಷ್ಣ, ಮೊಸರು ಶೀತ ಎಂದು ಒಂದೊಂದನ್ನೇ ತಟ್ಟೆಯಿಂದ ತೆಗೆಯುತ್ತ ಹೋದರೆ ಕೊನೆಗೆ ಉಳಿಯುವುದು ಗಂಜಿ, ಉಪ್ಪಿನಕಾಯಿ ಮಾತ್ರ. ಗಾಯ ಮಾಯಲು, ರಕ್ತಕಣ ಮತ್ತೆ ಹುಟ್ಟಲು ಪ್ರೋಟೀನ್ ಬೇಕು. ತಾಜಾ ಮೀನನ್ನು ಚೆನ್ನಾಗಿ ಬೇಯಿಸಿ ಕೊಡುವುದರಿಂದ ಯಾವ ಹಾನಿಯೂ ಇಲ್ಲ. ಮೀನು ತಿನ್ನದ ಮನೆಗಳಲ್ಲಿ ಬೇಳೆ, ಹೆಸರುಕಾಳು, ಹಾಲು, ಪನೀರು ಹೆಚ್ಚಿಸಿ. ಬೇಯಿಸದ ಪದಾರ್ಥಗಳ ಬಗ್ಗೆ ಮಾತ್ರ ಎಚ್ಚರ ಬೇಕು: ಹಸಿ ಒಂದೆಲಗದ ತಂಬುಳಿ, ಹಸಿ ಕೋಸಂಬರಿ, ಕತ್ತರಿಸಿಟ್ಟ ಹಣ್ಣು, ಕುದಿಸದ ಬಾವಿನೀರು ರಕ್ತಕಣ ಕಡಿಮೆಯಿರುವ ದಿನಗಳಲ್ಲಿ ಬೇಡ. ಸೊಪ್ಪನ್ನು ಬೇಯಿಸಿ ಮಾಡಿದ ಪದಾರ್ಥಕ್ಕೆ ಅಡ್ಡಿಯಿಲ್ಲ. ಬಾಯಿರುಚಿ ಕೆಟ್ಟವರಿಗೆ ಕುದಿಸಿದ ಅಪ್ಪೆಹುಳಿ ಹಿತವಾಗಬಹುದು, ಬಾಯಿಹುಣ್ಣು ಇದ್ದರೆ ಅದೇ ಉರಿಯುತ್ತದೆ. ಆಗ ತಣ್ಣಗಾದ ಕುಚ್ಚಲಕ್ಕಿ ಗಂಜಿ, ರಾಗಿ ಅಂಬಲಿ ಒಳ್ಳೆಯದು. ಒಗ್ಗರಣೆಯ ಮತ್ತು ಒಣಮೀನು ಸುಡುವ ವಾಸನೆಗೆ ಹೊಟ್ಟೆ ತೊಳಸುವುದರಿಂದ ಅಂಥ ಅಡುಗೆಯನ್ನು ಹಿತ್ತಲಿನಲ್ಲಿಯೋ ಪಕ್ಕದ ಮನೆಯಲ್ಲಿಯೋ ಮಾಡಿಕೊಳ್ಳಿ. ಅವರು ಎರಡು ತುತ್ತು ತಿಂದು ತಟ್ಟೆ ಸರಿಸಿದಾಗ ಬೇಸರಪಡದೆ, ಎರಡು ಗಂಟೆ ಬಿಟ್ಟು ಮತ್ತೆ ಎರಡು ತುತ್ತು ಕೊಡಿ.

ಮರದ ತೊಗಟೆಯ ಪುಡಿ, ಕಷಾಯ, ಲಕ್ಷ್ಮಣಫಲದ ಎಲೆ ಇವುಗಳ ಸಲಹೆ ಖಂಡಿತ ಬರುತ್ತದೆ. ಇವುಗಳಿಂದ ಸ್ತನ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದಕ್ಕೆ ಮನುಷ್ಯರ ಮೇಲಿನ ಅಧ್ಯಯನಗಳಿಂದ ಆಧಾರವಿಲ್ಲ, ಮತ್ತು ಕೆಲವು ಮೂಲಿಕೆಗಳು ಪಿತ್ತಜನಕಾಂಗದ ಮೇಲೆ ಹೊರೆ ಹಾಕಿ ಕಿಮೋವನ್ನೇ ನಿಲ್ಲಿಸುವಂತೆ ಮಾಡಬಹುದು. ಅವರಿಗೆ ನಾಟಿ ಔಷಧದಲ್ಲಿ ನಂಬಿಕೆಯಿದ್ದರೆ ಜಗಳವಾಡಬೇಡಿ. ಜಗಳವಾದರೆ ಗುಟ್ಟಾಗಿ ಕುಡಿಯುತ್ತಾರೆ. ಏನು ತೆಗೆದುಕೊಳ್ಳುತ್ತಿದ್ದಾರೆಂಬುದನ್ನು ವೈದ್ಯರಿಗೆ ತಿಳಿಸಿ, ಕಿಮೋ ಮುಗಿಯುವವರೆಗೆ ನಿಲ್ಲಿಸಲು ವೈದ್ಯರ ಬಾಯಿಂದಲೇ ಹೇಳಿಸುವುದು ಮೇಲು.

ಸಣ್ಣ ವಿಷಯಗಳು ಇನ್ನೂ ಇವೆ. ಕೆಂಪು ಬಣ್ಣದ ಕಿಮೋ ಔಷಧ ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ, ರಕ್ತವೆಂದು ಹೆದರಬೇಡಿ. ಕಿಮೋ ಆದ ಮೊದಲ ಎರಡು ದಿನ ಶೌಚಾಲಯಕ್ಕೆ ಧಾರಾಳವಾಗಿ ನೀರು ಹಾಕಿ, ವಾಂತಿ ಬಳಿಯುವವರು ಕೈಗವಸು ಹಾಕಿಕೊಳ್ಳಿ. ಬೆರಳುಗಳು ಜೋಮು ಹಿಡಿದರೆ, ಬಟ್ಟೆಯ ಗುಂಡಿ ಹಾಕಲು ಕಷ್ಟವಾದರೆ, ಮುಂದಿನ ಭೇಟಿಯಲ್ಲಿ ಅದನ್ನು ಹೇಳಲೇಬೇಕು.

ನೋಡಲು ಬರುವವರು

ಕಾಯಿಲೆ ಬಿದ್ದವರನ್ನು ಮಾತನಾಡಿಸಿಕೊಂಡು ಹೋಗುವುದು ನಮ್ಮ ಕಡೆ ಕರ್ತವ್ಯ. ಬ್ರೆಡ್ಡು, ಹಣ್ಣು, ಎಳನೀರು ಹಿಡಿದು ಬಂದವರನ್ನು ಬಾಗಿಲಲ್ಲಿ ತಡೆಯುವುದು ಮನೆಯ ಹಿರಿಯರಿಗೆ ಸಾಧ್ಯವಾಗುವುದಿಲ್ಲ. ಆ ಕೆಲಸವನ್ನು ಸ್ವಲ್ಪ ಗಟ್ಟಿ ಸ್ವಭಾವದ ಒಬ್ಬರಿಗೆ, ಭಾವನಿಗೋ ಅತ್ತಿಗೆಗೋ ವಹಿಸಿ. ಕೆಮ್ಮು, ನೆಗಡಿ ಇರುವವರು ಜಗಲಿಯಲ್ಲಿಯೇ ಕುಳಿತು ಹೋಗಲಿ, ಉಳಿದವರು ಕಾಯಿಲೆಯಿರುವವರಿಗೆ ಮನಸ್ಸಿದ್ದ ದಿನ ಒಳಗೆ ಬರಲಿ. ಊರಿನವರ ಕರೆಗಳಿಗೆ ಉತ್ತರಿಸುವವರೂ ಒಬ್ಬರೇ ಇದ್ದರೆ ಒಂದೇ ಕಥೆಯನ್ನು ದಿನಕ್ಕೆ ಹತ್ತು ಸಲ ಹೇಳುವ ಕಷ್ಟ ಅವರಿಗೆ ತಪ್ಪುತ್ತದೆ.

"ನಮ್ಮ ದೊಡ್ಡಮ್ಮನಿಗೂ ಇದೇ ಆಗಿತ್ತು, ಒಂದು ವರ್ಷವೂ ಇರಲಿಲ್ಲ" ಎನ್ನುವವರು ಪ್ರತಿ ಊರಿನಲ್ಲೂ ಇರುತ್ತಾರೆ. ಅಂಥ ಮಾತನ್ನು ಅಲ್ಲಿಯೇ ತುಂಡರಿಸಿ. ಕರ್ಮಫಲ, ನಾಗದೋಷ ಎಂಬ ಮಾತುಗಳೂ ಅಷ್ಟೇ. ಪೂಜೆ, ಹರಕೆಗಳಿಂದ ಅವರಿಗೆ ನೆಮ್ಮದಿ ಸಿಗುವುದಾದರೆ ಮಾಡಿಸಿ, ತಪ್ಪಿನ ಭಾರ ಮಾತ್ರ ಅವರ ಮೇಲೆ ಬೀಳದಿರಲಿ. ಈ ಕಾಯಿಲೆ ಮುಟ್ಟಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಶೇಕಡಾ 5ರಿಂದ 10ರಷ್ಟು ಸ್ತನ ಕ್ಯಾನ್ಸರ್ ಮಾತ್ರ ವಂಶವಾಹಿಯಿಂದ ಬರುವಂಥದ್ದು. ಆದ್ದರಿಂದ ಮಗಳ ಮದುವೆಗೆ ಅಡ್ಡಿಯಾಗುತ್ತದೆಂದು ಮುಚ್ಚಿಡುವ ಚಿಂತೆಗೆ ಅವರನ್ನು ನೂಕಬೇಡಿ.

ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಂತೆ ನಿಜ ಹೇಳಿ: ಅಮ್ಮನಿಗೆ ಕಾಯಿಲೆಯಿದೆ, ಔಷಧದಿಂದ ಕೂದಲು ಉದುರುತ್ತದೆ, ಮತ್ತೆ ಬರುತ್ತದೆ, ಇದು ನಿನ್ನಿಂದ ಆದದ್ದಲ್ಲ.

ಕೂದಲು, ಮೈ, ದಾಂಪತ್ಯ

ಅನೇಕ ಕಿಮೋ ಔಷಧಗಳಲ್ಲಿ ಮೊದಲ ಸುತ್ತಿನ ಎರಡು, ಮೂರು ವಾರಗಳಲ್ಲಿ ಕೂದಲು ಉದುರತೊಡಗುತ್ತದೆ. ದಿನವೂ ಅಬ್ಬಲಿಗೆ, ಮಲ್ಲಿಗೆ ಮುಡಿದು ರೂಢಿಯಿರುವ ಹೆಂಗಸಿಗೆ ಇದು ಬಾಹ್ಯ ಸೌಂದರ್ಯದ ಪ್ರಶ್ನೆ ಎಂದು ತಳ್ಳಿಹಾಕುವಂಥದ್ದಲ್ಲ. ಹಳೆಯ ಮನೆಗಳಲ್ಲಿ ಹೆಣ್ಣಿನ ಬೋಳುತಲೆಗೆ ವೈಧವ್ಯದ ನೆನಪು ಅಂಟಿಕೊಂಡಿರುವುದರಿಂದ ಹಿರಿಯರ ಒಂದು ನೋಟವೂ ಚುಚ್ಚುತ್ತದೆ. ಮನೆಯ ಹಿರಿಯರೊಡನೆ ಮೊದಲೇ ಮಾತಾಡಿಡಿ. ಉದುರುವ ಮೊದಲೇ ಕತ್ತರಿಸಿಕೊಳ್ಳುವುದೋ, ಹತ್ತಿಯ ಬಟ್ಟೆ ಕಟ್ಟುವುದೋ, ವಿಗ್ ಕೊಳ್ಳುವುದೋ, ಏನೂ ಬೇಡವೋ ಎಂಬುದನ್ನು ಅವರು ಹೇಳಲಿ.

ಸ್ತನ ತೆಗೆದ ಬಳಿಕ ಗಾಯ ಪೂರ್ತಿ ಮಾದ ಮೇಲೆ ಸಿಲಿಕೋನ್ ಅಥವಾ ಬಟ್ಟೆಯ ಕೃತಕ ಸ್ತನವನ್ನು ಧರಿಸಬಹುದು. ಪರಿಚಯದ ದರ್ಜಿಯಲ್ಲಿ ರವಿಕೆಯ ಒಳಗೆ ಒಂದು ಜೇಬು ಹೊಲಿಸಿದರೆ ಅದು ಜಾರುವುದಿಲ್ಲ. ಗಂಡ ಗಾಯವನ್ನು ನೋಡಲು ಹಿಂಜರಿದರೆ ಅದನ್ನು ಅವರು ಅಸಹ್ಯವೆಂದೇ ಓದಿಕೊಳ್ಳುತ್ತಾರೆ, ಆದ್ದರಿಂದ ಡ್ರೆಸ್ಸಿಂಗ್ ಬದಲಿಸುವಾಗ ಅವರ ಒಪ್ಪಿಗೆ ಕೇಳಿ ಜೊತೆಗೆ ಕುಳಿತುಕೊಳ್ಳುವುದು ಒಳ್ಳೆಯದು. ಚಿಕಿತ್ಸೆಯ ಕಾಲದಲ್ಲಿ ಮುಟ್ಟು ನಿಂತರೂ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ, ಅದು ಆಗಬಾರದು. ಹಾರ್ಮೋನ್ ಇರುವ ಗರ್ಭನಿರೋಧಕ ಗುಳಿಗೆಗಳಿಗೆ ಬದಲಾಗಿ ಬೇರೆ ಯಾವ ವಿಧಾನ ಸೂಕ್ತವೆಂದು ವೈದ್ಯರನ್ನು ಕೇಳಿ. ಮುಂದೆ ಮಕ್ಕಳು ಬೇಕೆನ್ನುವವರು ಈ ಮಾತನ್ನು ಕಿಮೋ ಆರಂಭಿಸುವ ಮೊದಲೇ ಎತ್ತಬೇಕು.

ನಿದ್ದೆಯಿಲ್ಲದೆ, ಯಾರೊಡನೆಯೂ ಮಾತಿಲ್ಲದೆ ಎರಡು ವಾರ ಕಳೆದರೆ ಅದನ್ನೂ ವೈದ್ಯರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಆರೈಕೆ ಮಾಡುವವರಿಗೂ ಆ ಸಂಖ್ಯೆ ಇದೆ.

ಕರೆಂಟು ಕೊಡುವ ವಾರಗಳು ಮತ್ತು ಆಮೇಲೆ

ರೇಡಿಯೇಶನ್‌ಗೆ ಜನ ಕರೆಂಟು ಕೊಡುವುದು ಎನ್ನುತ್ತಾರೆ. ಅದರಲ್ಲಿ ಶಾಕ್ ಹೊಡೆಯುವುದಿಲ್ಲ, ನೋವೂ ಇಲ್ಲ, ದಿನಕ್ಕೆ ಕೆಲವೇ ನಿಮಿಷದ ಕೆಲಸ. ಮೂರರಿಂದ ಐದಾರು ವಾರ ಇರುವುದರಿಂದ ಆಸ್ಪತ್ರೆಯ ಬಳಿ ಕೋ‌ಣೆ ಹಿಡಿಯಬೇಕಾಗುತ್ತದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರಲ್ಲಿ ಕಡಿಮೆ ಬಾಡಿಗೆಯ ವಸತಿ ವಿಚಾರಿಸಿ. ಒಬ್ಬರೇ ಪೂರ್ತಿ ಅವಧಿ ಇರುವ ಬದಲು ವಾರಕ್ಕೊಬ್ಬರಂತೆ ಬದಲಾದರೆ ಯಾರೂ ಸೋಲುವುದಿಲ್ಲ. ಚರ್ಮ ಕಪ್ಪಾಗಿ ಉರಿಯಬಹುದು, ಕೇಳದೆ ಯಾವ ಎಣ್ಣೆಯನ್ನೂ ಅರಿಶಿನವನ್ನೂ ಹಚ್ಚಬೇಡಿ.

ನಾಲ್ಕನೆಯ ಹಂತದಲ್ಲಿ (ಬೇರೆ ಅಂಗಗಳಿಗೆ ಹರಡಿದ ಮೇಲೆ) ಕಾಯಿಲೆ ಪತ್ತೆಯಾದವರಿಗೆ ಮಾಡುವುದೇನೂ ಉಳಿದಿಲ್ಲ ಎಂದು ಮನೆಗೆ ಕರೆತರುವುದು ಸರಿಯಲ್ಲ. ಕಾಯಿಲೆಯನ್ನು ಹಿಡಿತದಲ್ಲಿಡುವ ಔಷಧಗಳಿವೆ, ಅನೇಕರು ವರ್ಷಗಟ್ಟಲೆ ಬದುಕುತ್ತಾರೆ, ಮತ್ತು ನೋವನ್ನು ಮಾರ್ಫಿನ್ ಸೇರಿದಂತೆ ಸರಿಯಾದ ಔಷಧಗಳಿಂದ ತಗ್ಗಿಸಲು ಸಾಧ್ಯವಿದೆ. ಉಪಶಮನ ಆರೈಕೆಯ ವಿಭಾಗವನ್ನು ಕೊನೆಯ ವಾರಕ್ಕೆಂದು ಬಿಡದೆ ಮೊದಲೇ ಕಾಣಬೇಕು.

ಚಿಕಿತ್ಸೆ ಮುಗಿದ ದಿನ ಮನೆಯವರು ನಿಟ್ಟುಸಿರು ಬಿಟ್ಟು ತಮ್ಮ ಕೆಲಸಕ್ಕೆ ಮರಳುತ್ತಾರೆ, ಚಿಕಿತ್ಸೆ ಪಡೆದವರು ಮರುದಿನದಿಂದಲೇ ಅಡುಗೆಮನೆಗೆ ಮರಳಬೇಕೆಂಬ ನಿರೀಕ್ಷೆಯೂ ಹುಟ್ಟುತ್ತದೆ. ದಣಿವು ತಿಂಗಳುಗಟ್ಟಲೆ ಉಳಿಯುತ್ತದೆ. ಹಂಚಿಕೊಂಡ ಕೆಲಸಗಳನ್ನು ಒಮ್ಮೆಲೇ ಹಿಂದಕ್ಕೆ ಕೊಡಬೇಡಿ. ಟಾಮೋಕ್ಸಿಫೆನ್ ಅಥವಾ ಲೆಟ್ರೊಝೋಲ್ ಎಂಬ ಹಾರ್ಮೋನಿಗೆ ಸಂಬಂಧಿಸಿದ ಗುಳಿಗೆಯಿಂದ ಮೈ ಬಿಸಿಯಾಗುವುದು, ಕೀಲುನೋವು ಬರುವುದು ಉಂಟು. ಈ ಕಾರಣಕ್ಕೆ ಯಾರಿಗೂ ಹೇಳದೆ ಗುಳಿಗೆ ಬಿಟ್ಟುಬಿಡುವವರು ಬಹಳ. ಗುಳಿಗೆ ತೀರುವ ಒಂದು ವಾರ ಮೊದಲೇ ಹೊಸದನ್ನು ತರುವ ಹೊಣೆಯನ್ನು ಮನೆಯ ಒಬ್ಬರು ಹೊತ್ತುಕೊಳ್ಳಿ, ತೊಂದರೆಯಾದರೆ ಬೇರೆ ಗುಳಿಗೆ ಇದೆಯೇ ಎಂದು ಕೇಳಿ. ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ ತಪಾಸಣೆ, ಉಳಿದ ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್ ಇರುತ್ತದೆ. ಆ ದಿನಾಂಕಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತಿಸಿಡಿ, ಅದರ ಪಕ್ಕದಲ್ಲಿ ಜೊತೆಗೆ ಹೋಗುವವರ ಹೆಸರನ್ನೂ ಬರೆಯಿರಿ. ಅವರ ಅಕ್ಕತಂಗಿಯರು, ಹೆಣ್ಣುಮಕ್ಕಳು ತಮ್ಮ ತಪಾಸಣೆ ಯಾವ ವಯಸ್ಸಿನಿಂದ ಆರಂಭವಾಗಬೇಕು ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿಕೊಂಡು ಬರಲಿ.